ಕೊಡಲಿಗೂ ಒಂದು ಕ್ರಮ: ಕಾಳಿ ಕಣಿವೆಯ ಮರಗಳ ಚರಿತ್ರೆ

ಮರ ಬೆಳೆಸುವುದರ ಬಗ್ಗೆ ನಮ್ಮಲ್ಲಿ ಮಾತು ಬಹಳ. ಮರ ಕಡಿಯಬಾರದು ಎಂಬ ಬಗ್ಗೆಯೂ ಮಾತು ಕಡಿಮೆಯೇನಲ್ಲ. ಆದರೆ ಈ ಎರಡರ ನಡುವೆ ಇನ್ನೊಂದು ಕೆಲಸವಿದೆ. ಯಾವ ಕೊಂಬೆಯನ್ನು, ಯಾವ ತಿಂಗಳಿನಲ್ಲಿ, ಎಲ್ಲಿಗೆ ಸರಿಯಾಗಿ ಕತ್ತರಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂದು ತಿಳಿದು ಮಾಡುವ ಕೆಲಸ ಅದು. ಮರದ ಆಯುಷ್ಯ ಬಹುಮಟ್ಟಿಗೆ ನಿರ್ಧಾರವಾಗುವುದು ಇಲ್ಲಿಯೇ. ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ಕಣಿವೆಯಲ್ಲಿ ಈ ಕೆಲಸಕ್ಕೆ ಎರಡು ಶತಮಾನಗಳಿಗೂ ಮಿಕ್ಕಿದ ಚರಿತ್ರೆಯಿದೆ.

ಜೊಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟುವ ಕಾಳಿ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತದೆ. ದಾಂಡೇಲಿ, ಹಳಿಯಾಳ, ಜೊಯಿಡಾ ಸೀಮೆಯ ತೇಗ, ಬೀಟೆ, ಮತ್ತಿ, ಹೊನ್ನೆ, ಬಿದಿರುಗಳ ಕಾಡು ಈ ನದಿಯದೇ ಜಲಾನಯನ ಪ್ರದೇಶ. ಕಾಳಿ ಜಲವಿದ್ಯುತ್ ಯೋಜನೆಯ ನೌಕರರಿಗಾಗಿ ಎದ್ದ ಅಂಬಿಕಾನಗರವೂ ಇದೇ ಕಾಡಿನ ನಡುವೆ ಇದೆ. ಹಡಗು ಕಟ್ಟುವವರು, ರೈಲು ಹಾಕುವವರು, ಕಾಗದ ಮಾಡುವವರು, ವಿದ್ಯುತ್ ತಯಾರಿಸುವವರು, ಅಡಿಕೆ ಬೆಳೆಯುವವರು, ಬುಟ್ಟಿ ಹೆಣೆಯುವವರು ಎಲ್ಲರೂ ಈ ಕಾಡಿನಿಂದ ಏನನ್ನಾದರೂ ಕಡಿದವರೇ. ಆದರೆ ಅವರು ಕಡಿದ ರೀತಿ ಒಂದೇ ಅಲ್ಲ. ಆ ರೀತಿಗಳನ್ನು ಹೋಲಿಸಿ ನೋಡಿದರೆ ಇಂದಿನ ಮನೆಯಂಗಳದ ಮರಕ್ಕೂ ಬೇಕಾದ ಪಾಠ ದೊರೆಯುತ್ತದೆ.

ಹಡಗಿಗಾಗಿ ತೇಗ

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕೆನರಾ ಸೀಮೆ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಆಗ ಬ್ರಿಟಿಷರ ನೌಕಾಬಲಕ್ಕೆ ಓಕ್ ಮರದ ಕೊರತೆ ಬಂದಿತ್ತು. ಉಪ್ಪುನೀರಿಗೂ ಹುಳುವಿಗೂ ಬಗ್ಗದ ತೇಗ ಅವರ ಕಣ್ಣಿಗೆ ಬಿದ್ದಿತು. ಮುಂಬಯಿಯ ಹಡಗುಕಟ್ಟೆಯಲ್ಲಿ 1817ರಲ್ಲಿ ತೇಗದಿಂದ ಕಟ್ಟಿದ ಟ್ರಿಂಕೋಮಲೀ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ತೇಲುತ್ತಿದೆ. ತೇಗದ ಬಾಳಿಕೆ ಎಷ್ಟೆಂದು ಹೇಳಲು ಬೇರೆ ಸಾಕ್ಷಿ ಬೇಕಿಲ್ಲ.

ಈ ಮರಕ್ಕಾಗಿಯೇ ಕಂಪನಿ 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿಯನ್ನು ಪಶ್ಚಿಮ ಕರಾವಳಿಯ ಕಾಡುಗಳ ಮೊದಲ ಅರಣ್ಯ ಸಂರಕ್ಷಕನನ್ನಾಗಿ ನೇಮಿಸಿತು. ಹೆಸರು ಸಂರಕ್ಷಕ ಎಂದಿದ್ದರೂ ಆತನ ಕೆಲಸ ಹಡಗಿಗೆ ಮರ ಒದಗಿಸುವುದು. ಖಾಸಗಿ ಭೂಮಿಯ ತೇಗದ ಮೇಲೂ ಸರ್ಕಾರದ ಹಕ್ಕು ಸಾರಲಾಯಿತು. ತನ್ನದೇ ಹಿತ್ತಿಲಿನ ಮರವನ್ನು ತಾನು ಮುಟ್ಟುವಂತಿಲ್ಲ ಎಂದಾದಾಗ ಜನ ಆ ಮರದ ಸಸಿಯನ್ನು ಉಳಿಸುವ ಗೋಜಿಗೆ ಏಕೆ ಹೋದಾರು? ಜನರ ಮತ್ತು ವ್ಯಾಪಾರಿಗಳ ದೂರು ಬೆಳೆದು, ಥಾಮಸ್ ಮನ್ರೋ ಮದರಾಸಿನ ಗವರ್ನರ್ ಆಗಿದ್ದಾಗ 1823ರಲ್ಲಿ ಈ ಹುದ್ದೆಯೇ ರದ್ದಾಯಿತು. ಮರದ ಒಡೆತನವನ್ನು ಮರದ ಪಕ್ಕದಲ್ಲಿ ಬಾಳುವವನಿಂದ ಕಿತ್ತುಕೊಂಡರೆ ಆರೈಕೆಯೂ ಅವನಿಂದ ದೂರವಾಗುತ್ತದೆ ಎಂಬುದು ಮೊದಲ ಪಾಠ.

ಹುದ್ದೆ ಹೋದ ಮೇಲೆ ತಡೆಯಿಲ್ಲದ ಕಡಿತವೂ ನಡೆಯಿತು. 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರ್ ಕನೋಲಿ, ಚಾತು ಮೆನನ್ ಎಂಬ ಅಧಿಕಾರಿಯ ನೆರವಿನಿಂದ ನಿಲಂಬೂರಿನಲ್ಲಿ ತೇಗದ ನೆಡುತೋಪು ಎಬ್ಬಿಸಿದ. ಗಟ್ಟಿ ಚಿಪ್ಪಿನ ತೇಗದ ಬೀಜವನ್ನು ಮೊಳೆಯಿಸುವುದೇ ಆರಂಭದಲ್ಲಿ ದೊಡ್ಡ ತೊಡಕಾಗಿತ್ತು. ಮುಂದೆ ಬಳಕೆಗೆ ಬಂದ ಕ್ರಮ ಬೇರೆ. ಸುಮಾರು ಒಂದು ವರ್ಷದ ಸಸಿಯನ್ನು ಕಿತ್ತು, ಎಲೆ ಮತ್ತು ಕಾಂಡವನ್ನು ಬಹುಪಾಲು ಕತ್ತರಿಸಿ, ಗೇಣುದ್ದ ಬೇರಿಗೆ ಅಂಗುಲದಷ್ಟು ಕಾಂಡ ಉಳಿಸಿ, ಮೊದಲ ಮಳೆಯ ಹೊತ್ತಿಗೆ ನೆಡುವುದು. ಗಿಡದ ತಲೆಯನ್ನೇ ತೆಗೆದರೂ ಬೇರಿನ ಬಲದಿಂದ ಅದು ಮತ್ತೆ ನೆಟ್ಟಗೆ ಏಳುತ್ತದೆ. ಇಂದಿಗೂ ತೇಗ ನೆಡುವವರು ಬಹುಮಟ್ಟಿಗೆ ಇದನ್ನೇ ಅನುಸರಿಸುತ್ತಾರೆ.

ಇಬ್ಬರು ವೈದ್ಯರು, ಒಂದು ಯೋಜನೆ

ಭಾರತದಲ್ಲಿ ಅರಣ್ಯ ಇಲಾಖೆಯ ಬೀಜ ಬಿತ್ತಿದವರಲ್ಲಿ ಇಬ್ಬರು ವೈದ್ಯರು ಎಂಬುದು ಸ್ವಾರಸ್ಯದ ಸಂಗತಿ. ಮುಂಬಯಿ ಪ್ರಾಂತ್ಯದಲ್ಲಿ 1847ರಲ್ಲಿ ಅರಣ್ಯ ಸಂರಕ್ಷಕನಾದ ಅಲೆಕ್ಸಾಂಡರ್ ಗಿಬ್ಸನ್ ಒಬ್ಬ. ಮದರಾಸಿನಲ್ಲಿ 1856ರಲ್ಲಿ ಆ ಹುದ್ದೆಗೆ ಬಂದ ಹ್ಯೂ ಕ್ಲೆಗ್‌ಹಾರ್ನ್ ಇನ್ನೊಬ್ಬ. ಕ್ಲೆಗ್‌ಹಾರ್ನ್ ತನ್ನ ವೃತ್ತಿಯ ಆರಂಭದಲ್ಲಿ ಮೈಸೂರು ಸಂಸ್ಥಾನದ ಶಿವಮೊಗ್ಗ ಸೀಮೆಯಲ್ಲಿದ್ದವನು. ಕೆನರಾ ಕಾಡುಗಳನ್ನು ಸುತ್ತಿದವನು. ದಕ್ಷಿಣ ಭಾರತದ ಕಾಡು ಮತ್ತು ತೋಟಗಳನ್ನು ಕುರಿತ ಆತನ ಪುಸ್ತಕ 1861ರಲ್ಲಿ ಹೊರಬಂತು.

ಆಗ ಬೆಟ್ಟದ ಕುಣಬಿ ಮುಂತಾದ ಸಮುದಾಯಗಳು ಕುಮರಿ ಬೇಸಾಯ ಮಾಡುತ್ತಿದ್ದವು. ಕಾಡಿನ ಒಂದು ತುಂಡನ್ನು ಸವರಿ, ಒಣಗಿಸಿ, ಸುಟ್ಟು, ಒಂದೆರಡು ವರ್ಷ ರಾಗಿ ಮೊದಲಾದ ಬೆಳೆ ತೆಗೆದು, ಆ ಜಾಗವನ್ನು ಮತ್ತೆ ಕಾಡಿಗೆ ಬಿಟ್ಟು ಮುಂದಕ್ಕೆ ಹೋಗುವ ಪದ್ಧತಿ ಅದು. ಬೂದಿಯಾಗುವ ಮರದ ಬೆಲೆಯನ್ನು ಲೆಕ್ಕ ಹಾಕಿದ ಅಧಿಕಾರಿಗಳಿಗೆ ಕುಮರಿ ನಷ್ಟವೆಂದೇ ಕಂಡಿತು. 1860ರಲ್ಲಿ ಮದರಾಸು ಸರ್ಕಾರ ಅನುಮತಿಯಿಲ್ಲದ ಕುಮರಿಯನ್ನು ನಿಷೇಧಿಸಿತು. 1862ರಲ್ಲಿ ಉತ್ತರ ಕೆನರಾ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಇಲ್ಲಿನ ಕಾಡಿನ ಆಡಳಿತ ಮುಂಬಯಿಯದಾಗಿತ್ತು.

1864ರಲ್ಲಿ ಜರ್ಮನಿಯ ಡೀಟ್ರಿಚ್ ಬ್ರಾಂಡಿಸ್‌ನ ಮುಂದಾಳತ್ವದಲ್ಲಿ ಅಖಿಲ ಭಾರತ ಮಟ್ಟದ ಅರಣ್ಯ ಇಲಾಖೆ ಹುಟ್ಟಿತು. 1865 ಮತ್ತು 1878ರ ಅರಣ್ಯ ಕಾಯಿದೆಗಳು ಬಂದವು. ಅವುಗಳ ಬೆನ್ನಿಗೆ ಕಾಡಿಗೂ ಒಂದು ಕಾರ್ಯಯೋಜನೆ ಇರಬೇಕೆಂಬ ಕಲ್ಪನೆ ಬಂತು. ಕಾಡನ್ನು ಕೂಪುಗಳಾಗಿ ವಿಂಗಡಿಸಿ, ಈ ವರ್ಷ ಇಂಥ ಕೂಪು, ಮುಂದಿನ ವರ್ಷ ಇಂಥದ್ದು ಎಂದು ಸರದಿ ಗೊತ್ತುಮಾಡಿ, ಕಡಿಯಬೇಕಾದ ಮರಕ್ಕೆ ಸುತ್ತಿಗೆಯಿಂದ ಗುರುತು ಹಾಕಿ, ಲೆಕ್ಕ ಬರೆಯುವುದು ಈ ಯೋಜನೆಯ ಸ್ವರೂಪ. ದಾಂಡೇಲಿ ಸೀಮೆಯ ದಿಮ್ಮಿಗಳನ್ನು ಆನೆಗಳು ಎಳೆದವು. ಅಳ್ನಾವರದಿಂದ ದಾಂಡೇಲಿಗೆ ಮರ ಸಾಗಿಸಲೆಂದೇ 20ನೆಯ ಶತಮಾನದ ಮೊದಲ ದಶಕಗಳಲ್ಲಿ ರೈಲು ಹಾದಿ ಬಂತು. ಕೆನರಾದಲ್ಲಿ ಅರಣ್ಯಾಧಿಕಾರಿಯಾಗಿದ್ದ ಡಬ್ಲ್ಯೂ. ಎ. ಟಾಲ್ಬಟ್, ಮುಂಬಯಿ ಪ್ರಾಂತ್ಯದ ವನಸಸ್ಯಗಳನ್ನು ಕುರಿತ ಎರಡು ಸಂಪುಟಗಳನ್ನು 1909 ಮತ್ತು 1911ರಲ್ಲಿ ಪ್ರಕಟಿಸಿದ. ಈ ಕಾಡಿನ ಮರಗಳನ್ನು ಗುರುತಿಸಲು ಅದು ಇಂದಿಗೂ ಆಧಾರಗ್ರಂಥ.

ಈ ಯೋಜನೆಗಳಲ್ಲಿ ತಿಳಿವಳಿಕೆಯೂ ಇತ್ತು ಎಂಬುದನ್ನು ಒಪ್ಪಬೇಕು. ತೇಗದ ತೋಪಿನ ಉದಾಹರಣೆ ನೋಡಬಹುದು. ಎರಡು ಮೀಟರ್ ಅಂತರದಲ್ಲಿ ನೆಟ್ಟರೆ ಹೆಕ್ಟೇರಿಗೆ 2,500 ಸಸಿಗಳಾಗುತ್ತವೆ. ಹಾಗೆ ಒತ್ತಾಗಿ ನೆಡುವುದು ಅಷ್ಟನ್ನೂ ಉಳಿಸಿಕೊಳ್ಳುವುದಕ್ಕಲ್ಲ. ಒತ್ತಾಗಿದ್ದಾಗ ಗಿಡ ಬೆಳಕಿಗಾಗಿ ನೆಟ್ಟಗೆ ಏಳುತ್ತದೆ, ಪಕ್ಕದ ಕೊಂಬೆಗಳು ತಾವಾಗಿಯೇ ಉದುರುತ್ತವೆ. ಸುಮಾರು 5ನೆಯ ವರ್ಷ ಒಮ್ಮೆ, 10ನೆಯ ವರ್ಷದ ಸುಮಾರಿಗೆ ಮತ್ತೊಮ್ಮೆ, ಆಮೇಲೂ ಆಗಾಗ ಸೊರಗಿದವನ್ನೂ ಡೊಂಕಾದವನ್ನೂ ತೆಗೆದು ತೋಪನ್ನು ವಿರಳಗೊಳಿಸಬೇಕು. ಈ ಕೆಲಸವನ್ನು ಮುಂದೂಡಿದರೆ ಎಲ್ಲ ಮರಗಳೂ ಗಳದಂತೆ ಸಣಕಲಾಗಿಯೇ ಉಳಿಯುತ್ತವೆ. ರೈತರು ಹೊಲದ ಬದುವಿನಲ್ಲಿ ತೇಗ ಹಾಕಿ, 'ಒಂದನ್ನೂ ಕಡಿಯಲು ಮನಸ್ಸು ಬರುವುದಿಲ್ಲ' ಎಂದು ಹೇಳಿ ಕಡೆಗೆ ನಿರಾಶರಾಗುವುದು ಈ ಕಾರಣಕ್ಕೇ.

ಬೊಡ್ಡೆಯಿಂದ ಚಿಗುರಿಸುವ ಪದ್ಧತಿಯೂ ಹಾಗೆಯೇ ನಿಯಮಬದ್ಧ. ಹರಿತವಾದ ಕೊಡಲಿಯಿಂದ, ಬೇಸಿಗೆಯಲ್ಲಿ, ನೆಲಕ್ಕೆ ಸಮೀಪದಲ್ಲಿ, ನೀರು ನಿಲ್ಲದಂತೆ ಓರೆಯಾಗಿ, ತೊಗಟೆ ಸೀಳದಂತೆ ಕಡಿಯಬೇಕು. ಬಂದ ಹತ್ತಾರು ಚಿಗುರುಗಳಲ್ಲಿ ಬಲವಾದ ಒಂದೆರಡನ್ನು ಉಳಿಸಿ ಉಳಿದವನ್ನು ತೆಗೆಯಬೇಕು. ಸೊಂಟದೆತ್ತರಕ್ಕೆ ಮೊಂಡು ಕೊಡಲಿಯಿಂದ ಕಡಿದರೆ ಎತ್ತರದಲ್ಲಿ ಬಂದ ಚಿಗುರು ಗಾಳಿಗೆ ಸಿಗಿದು ಬೀಳುತ್ತದೆ.

ಬೆಟ್ಟದ ಸೊಪ್ಪು

ಸರ್ಕಾರದ ಯೋಜನೆ ಒಂದು ಕಡೆ ಇದ್ದರೆ, ಇನ್ನೊಂದು ಕಡೆ ಅಡಿಕೆ ತೋಟದವರ ಸೊಪ್ಪಿನ ಬೆಟ್ಟವಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಹೆಚ್ಚಾಗಿಯೂ ಜೊಯಿಡಾದ ಕೆಲ ಭಾಗಗಳಲ್ಲಿಯೂ ಕಾಣುವ ವ್ಯವಸ್ಥೆ ಇದು. ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಳಸುವ ಸವಲತ್ತು ಬ್ರಿಟಿಷರ ಕಾಲದಿಂದ ಬಂದಿದೆ. ಭೂಮಿ ಸರ್ಕಾರದ್ದು, ಸೊಪ್ಪು ತೋಟದವರದ್ದು. ಹಸಿಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಗೊಬ್ಬರವಾಗಿ, ತೋಟದ ಬುಡ ಸೇರುತ್ತದೆ. ಒಣಗಿದ ದರಕು ತೋಟಕ್ಕೆ ಹೊದಿಕೆಯಾಗುತ್ತದೆ.

ಮತ್ತಿ, ಹೊನ್ನೆ, ಕಿಂದಳ, ನೇರಳೆಯಂಥ ಮರಗಳನ್ನೇರಿ ಕತ್ತಿಯಿಂದ ಕೊಂಬೆ ಸವರುವುದು ಅಪಾಯದ ಕೆಲಸ, ಕೌಶಲದ ಕೆಲಸವೂ ಹೌದು. ಬೆಟ್ಟವನ್ನು ಜತನದಿಂದ ಕಾಯುವವರ ಪದ್ಧತಿಯಲ್ಲಿ ಮೂರು ಸೂತ್ರಗಳಿವೆ. ತುದಿಯನ್ನು ಮುಟ್ಟಬಾರದು. ಒಂದೇ ಮರವನ್ನು ಪ್ರತಿವರ್ಷ ಸವರದೆ ಸರದಿಯ ಮೇಲೆ ಬಿಡುವು ಕೊಡಬೇಕು. ಬೀಳುವ ಮರಗಳ ಜಾಗ ತುಂಬಲು ಎಳೆಯ ಗಿಡಗಳನ್ನು ಕತ್ತಿಯಿಂದ ಉಳಿಸಬೇಕು. ಈ ಮೂರನ್ನೂ ಪಾಲಿಸಿದ ಬೆಟ್ಟ ತಲೆಮಾರುಗಳವರೆಗೆ ಸೊಪ್ಪು ಕೊಡುತ್ತದೆ. ಪಾಲಿಸದ ಬೆಟ್ಟದಲ್ಲಿ ತುದಿಯಲ್ಲಿ ಜುಟ್ಟಿನಷ್ಟು ಎಲೆಯಿರುವ ಮುದಿ ಮರಗಳು ಮಾತ್ರ ನಿಂತಿರುತ್ತವೆ, ಅವುಗಳ ಕೆಳಗೆ ಒಂದೂ ಮರಿಯಿರುವುದಿಲ್ಲ. ಎರಡೂ ಬಗೆಯ ಬೆಟ್ಟಗಳನ್ನು ಒಂದೇ ಊರಿನಲ್ಲಿ ಅಕ್ಕಪಕ್ಕದಲ್ಲಿ ಕಾಣಬಹುದು. ಸವಲತ್ತು ಒಂದೇ, ಕಾಯಿದೆಯೂ ಒಂದೇ. ವ್ಯತ್ಯಾಸ ಇರುವುದು ಕತ್ತಿ ಹಿಡಿದ ಕೈಯಲ್ಲಿ.

ಮುಳ್ಳು ಕಲಿಸಿದ ಪಾಠ

ಕಾಳಿ ಕಣಿವೆಯ ಚರಿತ್ರೆಯಲ್ಲಿ ಅತ್ಯಂತ ಬೋಧಪ್ರದವಾದ ಪ್ರಕರಣ ಬಿದಿರಿನದು. 1955ರಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಸ್ಥಾಪನೆಯಾಗಿ, 1959ರಲ್ಲಿ ಉತ್ಪಾದನೆ ಆರಂಭಿಸಿತು. ಕಾರ್ಖಾನೆಗೆ ಸರ್ಕಾರ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ಕೊಡುವ ಒಪ್ಪಂದವಾಯಿತು. ಕಾಡಿನಲ್ಲಿ ಬಿದಿರು ಎಂದೂ ಮುಗಿಯದಷ್ಟಿದೆ ಎಂಬ ಭಾವನೆ ಆಗಿನದು. ಆದರೆ ಕೆಲವೇ ವರ್ಷಗಳಲ್ಲಿ ಬಿದಿರು ಕೃಶವಾಗತೊಡಗಿತು. ಪೇಟೆಯಲ್ಲಿ ಹೆಚ್ಚಿನ ಬೆಲೆ ಕೊಟ್ಟು ಬಿದಿರು ಕೊಳ್ಳಬೇಕಾಗಿದ್ದ ಮೇದರು ತಮ್ಮ ಕಸುಬಿಗೇ ಕುತ್ತು ಬಂದಿದೆಯೆಂದು ದೂರಿದರು. 1970ರ ದಶಕದ ಮಧ್ಯಭಾಗದಲ್ಲಿ ರಾಜ್ಯ ಸರ್ಕಾರದ ಕೋರಿಕೆಯಂತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳು ಇದರ ಅಧ್ಯಯನಕ್ಕೆ ತೊಡಗಿದರು.

ಕಡಿಯುವ ನಿಯಮಗಳು ಕಾಗದದ ಮೇಲೆ ಚೆನ್ನಾಗಿಯೇ ಇದ್ದವು. ಬಿದಿರು ಮೆಳೆಯಲ್ಲಿ ಹೊಸ ಗಳ ಮಳೆಗಾಲದಲ್ಲಿ ಕಳಲೆಯಾಗಿ ಏಳುತ್ತದೆ, ಕೆಲವೇ ತಿಂಗಳಲ್ಲಿ ಪೂರ್ಣ ಎತ್ತರ ಮುಟ್ಟುತ್ತದೆ. ಆದ್ದರಿಂದ ಎಳೆಯ ಗಳಗಳನ್ನು ಬಿಟ್ಟು ಬಲಿತವನ್ನು ಮಾತ್ರ ಕಡಿಯಬೇಕು, ಕಳಲೆಯ ಕಾಲದಲ್ಲಿ ಮೆಳೆಯನ್ನು ಮುಟ್ಟಬಾರದು ಎಂಬುದು ಸರಿಯಾದ ಸೂತ್ರವೇ. ಆದರೆ ಕಾರ್ಖಾನೆಯ ಕೂಲಿಗಳು ಕಡಿಯಲು ಅನುಕೂಲವಾಗಲೆಂದು ಮೆಳೆಯ ಬುಡದಲ್ಲಿ ಹೆಣೆದುಕೊಂಡ ಮುಳ್ಳಿನ ಕೊಂಬೆಗಳನ್ನು ಸವರಿ ಹಾಕುತ್ತಿದ್ದರು. ಮುಳ್ಳು ತೆಗೆದರೆ ಮೆಳೆಯ ಇಕ್ಕಟ್ಟು ಕಡಿಮೆಯಾಗಿ ಬಿದಿರು ಇನ್ನೂ ಚೆನ್ನಾಗಿ ಬೆಳೆಯುತ್ತದೆ ಎಂದು ಅರಣ್ಯ ಇಲಾಖೆಯವರೂ ನಂಬಿದ್ದರು.

ಹಳ್ಳಿಯವರು ಇದಕ್ಕೆ ವಿರುದ್ಧವಾದ ಮಾತು ಹೇಳಿದರು. ಮುಳ್ಳು ಬಿದಿರಿನ ಬೇಲಿ. ಅದು ಹೋದರೆ ಕಳಲೆಯನ್ನು ದನಗಳೂ ಕಾಡುಪ್ರಾಣಿಗಳೂ ತಿಂದುಹಾಕುತ್ತವೆ ಎಂಬುದು ಅವರ ಅನುಭವ. ವಿಜ್ಞಾನಿಗಳು ಮೆಳೆಗಳನ್ನು ಗುರುತಿಸಿಟ್ಟು ಏಳುವ ಕಳಲೆಗಳನ್ನು ಎಣಿಸಿ ನೋಡಿದಾಗ ಹಳ್ಳಿಯವರ ಮಾತೇ ನಿಜವೆಂದು ತಿಳಿಯಿತು. ಮುಳ್ಳಿಲ್ಲದ ಮೆಳೆಯಲ್ಲಿ ಕಳಲೆ ಗಳವಾಗುವ ಮೊದಲೇ ಮೇವಾಗುತ್ತಿತ್ತು. ಹಳೆಯ ಗಳಗಳನ್ನು ನಿಯಮದಂತೆ ಕಡಿದರೂ ಅವುಗಳ ಜಾಗಕ್ಕೆ ಹೊಸವು ಬರುತ್ತಿರಲಿಲ್ಲ.

ಈ ಪ್ರಕರಣದಲ್ಲಿ ಕೆಟ್ಟ ಉದ್ದೇಶವನ್ನು ಹುಡುಕಬೇಕಾಗಿಲ್ಲ. ಒಳ್ಳೆಯದಾಗಲೆಂದೇ ಮಾಡಿದ 'ಸ್ವಚ್ಛತೆ'ಯಿಂದ ಕೆಡುಕಾಯಿತು. ಸುತ್ತಿಗೆ ಗುರುತು, ಕೂಪಿನ ನಕ್ಷೆ, ಟನ್ನುಗಳ ಲೆಕ್ಕ ಎಲ್ಲವೂ ಇದ್ದ ವ್ಯವಸ್ಥೆಗೆ ದನ ಕಾಯುವವನಿಗೆ ಗೊತ್ತಿದ್ದ ಒಂದು ಸಂಗತಿ ಗೊತ್ತಿರಲಿಲ್ಲ. ಕೇಳುವ ಪದ್ಧತಿಯೂ ಇರಲಿಲ್ಲ.

ಅಪ್ಪಿಕೊಂಡವರು

1970 ಮತ್ತು 80ರ ದಶಕಗಳಲ್ಲಿ ಕಾಳಿ ಯೋಜನೆ ಈ ಸೀಮೆಯ ರೂಪವನ್ನೇ ಬದಲಿಸಿತು. ಸೂಪಾದಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು, ಸೂಪಾ ಪಟ್ಟಣ ಮುಳುಗಿತು. ಅಲ್ಲಿನ ಬಹಳಷ್ಟು ಜನ ರಾಮನಗರಕ್ಕೆ ಬಂದು ನೆಲೆಸಿದರು. ಅಂಬಿಕಾನಗರದ ಸಮೀಪದ ನಾಗಝರಿ ವಿದ್ಯುದಾಗಾರದ ಸಾಮರ್ಥ್ಯ 800 ಮೆಗಾವಾಟ್‌ಗೂ ಹೆಚ್ಚು. ವಿದ್ಯುತ್ ಮಾರ್ಗಗಳಿಗಾಗಿ ಕಾಡಿನಲ್ಲಿ ಉದ್ದುದ್ದ ಪಟ್ಟೆಗಳು ತೆರೆದುಕೊಂಡವು. 220 ಕಿಲೋವೋಲ್ಟ್ ಮಾರ್ಗವೊಂದಕ್ಕೆ ಅರಣ್ಯದಲ್ಲಿ 35 ಮೀಟರ್ ಅಗಲದ ಜಾಗ ಬೇಕೆಂಬುದು ಕೇಂದ್ರ ಸರ್ಕಾರದ ಮಾರ್ಗಸೂಚಿ.

ಅದೇ ಕಾಲದಲ್ಲಿ, 1983ರ ಸೆಪ್ಟೆಂಬರ್ 8ರಂದು, ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಲಿನ ಹಳ್ಳಿಗರು ಕಳಸೆ ಕಾಡಿಗೆ ನಡೆದುಹೋಗಿ ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡರು. ಹಿಮಾಲಯದ ಚಿಪ್ಕೊ ಚಳವಳಿಯಿಂದ ಸ್ಫೂರ್ತಿ ಪಡೆದ ಅಪ್ಪಿಕೋ ಚಳವಳಿ ಹೀಗೆ ಆರಂಭವಾಯಿತು. ಪಾಂಡುರಂಗ ಹೆಗಡೆ ಮತ್ತು ಸಂಗಾತಿಗಳು ಅದನ್ನು ಊರೂರಿಗೆ ಒಯ್ದರು. ಇದನ್ನು ಕಡಿಯುವವರ ಮತ್ತು ಉಳಿಸುವವರ ಜಗಳ ಎಂದಷ್ಟೇ ತಿಳಿಯುವುದು ಸರಿಯಲ್ಲ. ಹೇಗೆ ಕಡಿಯಲಾಗುತ್ತಿದೆ ಎಂಬುದೂ ಚಳವಳಿಯ ಮುಖ್ಯ ಪ್ರಶ್ನೆಯಾಗಿತ್ತು. ಕಾಗದದಲ್ಲಿ ಆಯ್ದ ಕೆಲವೇ ಮರಗಳು. ಆದರೆ ದೊಡ್ಡ ಮರವೊಂದು ಅಡ್ಡಾದಿಡ್ಡಿ ಬಿದ್ದಾಗ ಸುತ್ತಲಿನ ಮರಗಳು ಮುರಿಯುತ್ತಿದ್ದವು, ದಿಮ್ಮಿ ಎಳೆದ ದಾರಿಯಲ್ಲಿ ಮಣ್ಣು ಕೊಚ್ಚಿಹೋಗುತ್ತಿತ್ತು. ಉಳಿಸು, ಬೆಳೆಸು, ಬಳಸು ಎಂಬುದು ಚಳವಳಿಯ ಘೋಷಣೆ. ಅದರಲ್ಲಿ ಬಳಕೆಗೂ ಜಾಗವಿತ್ತು ಎಂಬುದು ಗಮನಾರ್ಹ. ಜನರ ಒತ್ತಡಕ್ಕೆ ಮಣಿದ ಸರ್ಕಾರ ಇಲ್ಲಿನ ಕಾಡುಗಳಲ್ಲಿ ಹಸಿಮರ ಕಡಿತಕ್ಕೆ ತಡೆ ಹಾಕಿತು. 1988ರ ರಾಷ್ಟ್ರೀಯ ಅರಣ್ಯ ನೀತಿಯೂ ಆದಾಯಕ್ಕಿಂತ ಪರಿಸರದ ಸಮತೋಲವೇ ಮೊದಲೆಂದು ಸಾರಿತು.

ಮರ ಗಾಯವನ್ನು ಹೇಗೆ ಎದುರಿಸುತ್ತದೆ?

ಹಳ್ಳಿಯವರ ಅನುಭವಕ್ಕೂ ಅಧಿಕಾರಿಗಳ ನಿಯಮಕ್ಕೂ ಶಾಸ್ತ್ರೀಯ ವಿವರಣೆ ಬಂದದ್ದು ಬಹಳ ತಡವಾಗಿ. ಅಮೆರಿಕದ ಅರಣ್ಯ ಇಲಾಖೆಯ ಸಸ್ಯರೋಗ ತಜ್ಞ ಅಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಯಂತ್ರದ ಗರಗಸದಿಂದ ಉದ್ದುದ್ದ ಸೀಳಿ ಒಳಗಿನ ಕೊಳೆತವನ್ನು ಅಭ್ಯಾಸ ಮಾಡಿದ. 1970ರ ದಶಕದಲ್ಲಿ ಆತ ಮಂಡಿಸಿದ ತತ್ತ್ವ ಸರಳವಾದುದು. ಮನುಷ್ಯನ ಗಾಯ ಮಾಯುತ್ತದೆ, ಸತ್ತ ಜೀವಕೋಶದ ಜಾಗಕ್ಕೆ ಹೊಸದು ಬರುತ್ತದೆ. ಮರದ ಗಾಯ ಎಂದೂ ಮಾಯುವುದಿಲ್ಲ. ಮರ ಆ ಭಾಗದ ಸುತ್ತ ಒಳಗೊಳಗೇ ಗೋಡೆ ಕಟ್ಟಿ, ಕೊಳೆತವನ್ನು ಅಲ್ಲಿಯೇ ಬಂಧಿಸಿ, ಹೊರಗಿನಿಂದ ಹೊಸ ಕಟ್ಟಿಗೆಯನ್ನು ಬೆಳೆಸಿಕೊಳ್ಳುತ್ತದೆ. ಗೋಡೆ ಗಟ್ಟಿಯಾದರೆ ಮರ ಉಳಿಯಿತು, ಇಲ್ಲವಾದರೆ ಹಲವು ವರ್ಷಗಳ ನಂತರ ಟೊಳ್ಳಾಗಿ ಬಿದ್ದಿತು.

ಇದರಿಂದ ಕತ್ತರಿಸುವ ಜಾಗ ಯಾವುದೆಂಬುದು ಖಚಿತವಾಗುತ್ತದೆ. ಕೊಂಬೆ ಕಾಂಡವನ್ನು ಸೇರುವಲ್ಲಿ ಕೊರಳಪಟ್ಟಿಯಂತೆ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಆ ಉಬ್ಬಿನಲ್ಲಿ. ಅದರ ಹೊರಗಂಚಿಗೆ ಸರಿಯಾಗಿ ಕತ್ತರಿಸಬೇಕು. ಕಾಂಡಕ್ಕೆ ಸವರಿದಂತೆ ಕತ್ತರಿಸಿದರೆ ಉಬ್ಬೂ ಹೋಗಿ ಕೊಳೆತ ಕಾಂಡಕ್ಕೆ ಇಳಿಯುತ್ತದೆ. ಗೇಣುದ್ದ ಮೋಟು ಬಿಟ್ಟರೆ ಅದು ಒಣಗಿ, ಗೆದ್ದಲಿಗೂ ಅಣಬೆಗೂ ಬಾಗಿಲಾಗುತ್ತದೆ.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ತೆಗೆಯಬಾರದು. ಅದು ತನ್ನ ಭಾರಕ್ಕೆ ಬಾಗಿ ಕಾಂಡದ ತೊಗಟೆಯನ್ನು ಮಾರುದ್ದ ಸಿಗಿದುಕೊಂಡು ಬೀಳುತ್ತದೆ. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಕಾಲುಭಾಗ ಗರಗಸ ಹಾಕಬೇಕು. ಆಮೇಲೆ ಅದರಿಂದ ತುಸು ಆಚೆಗೆ ಮೇಲಿನಿಂದ ಕೊಯ್ದು ಕೊಂಬೆಯನ್ನು ಬೀಳಿಸಬೇಕು. ಕೊನೆಗೆ ಉಳಿದ ಮೋಟನ್ನು ಉಬ್ಬಿನ ಅಂಚಿಗೆ ತೆಗೆಯಬೇಕು. ಗಾಯಕ್ಕೆ ಡಾಂಬರು, ಬಣ್ಣ, ಸಿಮೆಂಟು ಬಳಿಯುವ ರೂಢಿಯಿಂದ ಕೊಳೆತ ತಪ್ಪುವುದಿಲ್ಲ ಎಂಬುದೂ ಶೈಗೊನ ಅಧ್ಯಯನದಿಂದ ತಿಳಿದ ಸಂಗತಿ.

ಊರಿನ ಮರ, ಮನೆಯ ಮರ

ಕಾಡಿನ ಈ ಪಾಠಗಳು ಊರಿಗೂ ಬೇಕಾಗಿವೆ. ದಾಂಡೇಲಿ, ಅಂಬಿಕಾನಗರದಂಥ ಊರುಗಳಲ್ಲಿ ಮರ ಮನೆಯ ಮೇಲೆಯೇ ಬಾಗಿರುತ್ತದೆ. ಪ್ರತಿ ಮೇ ತಿಂಗಳ ಕೊನೆಯಲ್ಲಿ ಮಳೆಯ ಭಯದಿಂದ ಮರದ ತಲೆಯನ್ನೇ ಹಾರಿಸುವ ಕೆಲಸ ಎಲ್ಲೆಡೆ ನಡೆಯುತ್ತದೆ. ನೋಡಲು ಅಪಾಯ ತಪ್ಪಿದಂತೆ ಕಾಣುತ್ತದೆ. ಆದರೆ ತಲೆ ಕಡಿದ ಮರ ಹಸಿವಿನಿಂದ ಹತ್ತಾರು ಚಿಗುರುಗಳನ್ನು ಒಮ್ಮೆಲೇ ಎಬ್ಬಿಸುತ್ತದೆ. ಇವು ತೊಗಟೆಗೆ ಅಂಟಿಕೊಂಡಷ್ಟೇ ಇರುತ್ತವೆ, ಆಳದ ಹಿಡಿತವಿರುವುದಿಲ್ಲ. ಕೆಳಗೆ ಕಡಿದ ಜಾಗ ಕೊಳೆಯುತ್ತಿರುತ್ತದೆ. ನಾಲ್ಕೈದು ವರ್ಷಗಳಲ್ಲಿ ಅದೇ ಮರ ಮೊದಲಿಗಿಂತ ಹೆಚ್ಚು ಅಪಾಯಕಾರಿಯಾಗುತ್ತದೆ.

ಎಲೆ ಉದುರಿಸುವ ಮರಗಳನ್ನು ಸವರಲು ಒಣಹವೆಯ ಜನವರಿಯಿಂದ ಮಾರ್ಚ್‌ವರೆಗಿನ ಕಾಲ ತಕ್ಕುದು. ಮಳೆಗಾಲದ ಹಸಿ ಗಾಯಕ್ಕೆ ಶಿಲೀಂಧ್ರ ಬೇಗ ತಗಲುತ್ತದೆ. ಒಂದು ವರ್ಷದಲ್ಲಿ ಹಸಿರು ಭಾಗದ ಕಾಲಂಶಕ್ಕಿಂತ ಹೆಚ್ಚು ತೆಗೆಯಬಾರದು. ಒಣಗಿದ ಕೊಂಬೆ, ಒಂದಕ್ಕೊಂದು ಉಜ್ಜುವ ಕೊಂಬೆ, ಬಂದಳಿಕೆ ಹಿಡಿದ ಕೊಂಬೆ ಮೊದಲು ಹೋಗಬೇಕು. ಬಂದಳಿಕೆ ಮರದ ರಸ ಹೀರುವ ಸಸ್ಯವಾದ್ದರಿಂದ ಅದರ ಎಲೆ ಕಿತ್ತರೆ ಸಾಲದು, ಅದು ಬೇರೂರಿದ ಜಾಗಕ್ಕಿಂತ ಕೆಳಗೆ ಕೊಂಬೆಯನ್ನೇ ತೆಗೆಯಬೇಕು.

ಬುಡದಲ್ಲಿ ಅಣಬೆಯ ತಟ್ಟೆ ಮೂಡಿದ್ದರೆ, ಮರ ವಾಲಿದ ಕಡೆಗೆ ವಿರುದ್ಧವಾಗಿ ನೆಲ ಬಿರಿದಿದ್ದರೆ, ಎರಡು ಸಮ ಕವಲುಗಳ ನಡುವೆ ಸೀಳು ಕಂಡರೆ ಮಾತ್ರ ಗಂಭೀರವಾಗಿ ಯೋಚಿಸಬೇಕು. ಜೂನ್‌ನಲ್ಲಿ ತೇಗ ಬೋಳಾಯಿತೆಂದು ಅದನ್ನು ಕಡಿಯುವವರಿದ್ದಾರೆ. ಅದು ಎಲೆ ತಿನ್ನುವ ಹುಳುವಿನ ಕೆಲಸ. ಕೆಲವೇ ವಾರಗಳಲ್ಲಿ ಮರ ಮತ್ತೆ ಚಿಗುರುತ್ತದೆ. ಎಳೆಯ ತೋಪಿನ ಬೆಳವಣಿಗೆಯಲ್ಲಿ ಈ ಹುಳುವಿನಿಂದ ಶೇಕಡ 44ರಷ್ಟು ನಷ್ಟವಾಗಬಹುದೆಂದು ಕೇರಳದ ಅರಣ್ಯ ಸಂಶೋಧನಾ ಸಂಸ್ಥೆಯವರು ನಿಲಂಬೂರಿನಲ್ಲಿ ಕಂಡಿದ್ದಾರೆ. ಆದರೆ ಮರ ಸಾಯುವುದಿಲ್ಲ.

ಮರಕ್ಕೆ ಮೇಲಿನಿಂದ ಬರುವ ಕೊಡಲಿಗಿಂತ ಕೆಳಗಿನ ಸಿಮೆಂಟು ಹೆಚ್ಚು ಅಪಾಯಕಾರಿ. ನೀರು, ಗಾಳಿ ಹೀರುವ ಬೇರುಗಳಲ್ಲಿ ಬಹುಪಾಲು ಮೇಲಿನ ಎರಡಡಿ ಮಣ್ಣಿನಲ್ಲಿಯೇ ಇರುತ್ತವೆ. ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಚರಂಡಿಗಾಗಿ ಒಂದು ಪಕ್ಕದ ಬೇರು ಕಡಿದರೆ ಮರ ಎರಡು ಮೂರು ಮಳೆಗಾಲ ಹೇಗೋ ನಿಂತು ಆಮೇಲೆ ಬೀಳುತ್ತದೆ, ತಪ್ಪು ಗಾಳಿಯ ಮೇಲೆ ಹೋಗುತ್ತದೆ. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್‌ನಷ್ಟು ಕಾಂಕ್ರೀಟು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿದ್ದು ಇದೇ ಕಾರಣಕ್ಕೆ.

ಮರ ಕಡಿಸುವವರು ನೆನಪಿಡಬೇಕಾದ ಇನ್ನೂ ಕೆಲವು ಸಂಗತಿಗಳಿವೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ತಂತಿಯ ಹತ್ತಿರದ ಮರವಾದರೆ ಹೆಸ್ಕಾಂನವರಿಗೆ ತಿಳಿಸಿ ವಿದ್ಯುತ್ ನಿಲ್ಲಿಸಿದ ಮೇಲೆಯೇ ಕೆಲಸ ಆರಂಭವಾಗಬೇಕು. ಮರ ಹತ್ತುವವನಿಗೆ ಸೊಂಟಪಟ್ಟಿ, ಹಗ್ಗ, ಶಿರಸ್ತ್ರಾಣ ಕೊಡಬೇಕು. ಕೊಂಬೆ ಬೀಳುವ ಜಾಗಕ್ಕೆ ಕಾವಲು ನಿಲ್ಲಿಸಬೇಕು. ಮರದ ಎತ್ತರದ ಒಂದೂವರೆ ಪಟ್ಟು ದೂರದವರೆಗೆ ಯಾರೂ ಇರದಂತೆ ನೋಡಿಕೊಳ್ಳಬೇಕು. ಕೂಲಿಯನ್ನು ಕಡಿದ ಕಟ್ಟಿಗೆಯ ಲೆಕ್ಕದಲ್ಲಿ ಗೊತ್ತುಮಾಡಿದರೆ ಬೇಕಾದ್ದಕ್ಕಿಂತ ಹೆಚ್ಚು ಕಡಿತವಾಗುವುದು ಖಂಡಿತ. ದಿನದ ಲೆಕ್ಕದಲ್ಲಿ ಕೂಲಿ ಕೊಟ್ಟು, ತೆಗೆಯಬೇಕಾದ ಕೊಂಬೆಗೆ ಸುಣ್ಣದ ಗುರುತು ಹಾಕಿಸುವುದು ಒಳಿತು.

ಪೊಟರೆಗೂ ಒಡೆಯನಿದ್ದಾನೆ

ಹಳೆಯ ಕಾರ್ಯಯೋಜನೆಗಳ ದೃಷ್ಟಿಯಲ್ಲಿ ಟೊಳ್ಳಾದ ಮುದಿಮರ ಬೆಳೆಯುವ ಮರಗಳ ಜಾಗ ತಿನ್ನುವ ನಿರುಪಯೋಗಿ ವಸ್ತು. ಆದರೆ ದಾಂಡೇಲಿ ಇಂದು ಹೊರಗಿನವರಿಗೆ ಪರಿಚಿತವಾಗಿರುವುದು ಮಂಗಟ್ಟೆ ಹಕ್ಕಿಗಳಿಂದ. ಹೆಣ್ಣು ಮಂಗಟ್ಟೆ ದೊಡ್ಡ ಮರದ ಪೊಟರೆಯೊಳಗೆ ಕುಳಿತು, ಬಾಯಿಯನ್ನು ಸಣ್ಣ ಸೀಳು ಬಿಟ್ಟು ಮುಚ್ಚಿಕೊಂಡು ಮರಿ ಮಾಡುತ್ತದೆ. ಗಂಡು ಹಣ್ಣು ತಂದು ಉಣಿಸುತ್ತದೆ. ಇಂಥ ಪೊಟರೆ ಆಗಲು ಹಲವು ದಶಕಗಳು ಬೇಕು, ಅದನ್ನು ಯಾರೂ ನೆಟ್ಟು ಬೆಳೆಸಲಾರರು. 2011ರಲ್ಲಿ ದಾಂಡೇಲಿಯ ಕಾಳಿ ದಂಡೆಯ ಕಾಡು ಮಂಗಟ್ಟೆಗಳಿಗಾಗಿ ಸಂರಕ್ಷಣಾ ಮೀಸಲಾಯಿತು. 1956ರಲ್ಲಿ ಅಭಯಾರಣ್ಯವಾದ ದಾಂಡೇಲಿ ಮತ್ತು 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ ಅಣಶಿ ಸೇರಿ 2007ರಲ್ಲಿ ಹುಲಿ ಮೀಸಲಾಗಿ, 2015ರಲ್ಲಿ ಕಾಳಿಯ ಹೆಸರು ಪಡೆದಿವೆ.

ಆದ್ದರಿಂದ ಯಾರ ಮೇಲೂ ಬೀಳುವ ಭಯವಿಲ್ಲದ ಕಡೆ ಟೊಳ್ಳು ಮರವನ್ನು ನಿಲ್ಲಲು ಬಿಡುವುದೂ ಆರೈಕೆಯ ಒಂದು ಭಾಗ. ಬಿದಿರಿನ ಮುಳ್ಳನ್ನು ಕಸವೆಂದು ತಿಳಿದ ತಪ್ಪೂ ಮುದಿಮರವನ್ನು ನಿರುಪಯೋಗಿಯೆಂದು ತಿಳಿದ ತಪ್ಪೂ ಒಂದೇ ಜಾತಿಯವು. ಹಡಗಿನ ತೇಗದಿಂದ ಹಿಡಿದು ಮನೆಯಂಗಳದ ಮಾವಿನವರೆಗೆ, ಕತ್ತಿ ಎತ್ತುವ ಮೊದಲು ಈ ಭಾಗ ಮರಕ್ಕೆ ಏನು ಮಾಡುತ್ತಿದೆ ಎಂದು ಕೇಳಿಕೊಳ್ಳುವುದು ಅಗತ್ಯ. ಉತ್ತರ ಕಾರ್ಯಯೋಜನೆಯ ಪುಟದಲ್ಲಿ ಸಿಗಬಹುದು, ವಿಜ್ಞಾನಿಯ ಲೆಕ್ಕದಲ್ಲಿ ಸಿಗಬಹುದು, ಮರದಡಿಯಲ್ಲಿ ದನ ಮೇಯಿಸುವವನ ಬಾಯಲ್ಲೂ ಸಿಗಬಹುದು. ಮೂವರನ್ನೂ ಕೇಳಿದ ಮೇಲೆ ಕಡಿಯಲು ಸಾಕಷ್ಟು ಸಮಯವಿರುತ್ತದೆ. ಕಡಿದ ಮೇಲೆ ಕೇಳಿ ಪ್ರಯೋಜನವಿಲ್ಲ.